ಹಿಮದ ರಸ್ತೆಗೆ ಹಳೇ ಆಲ್ ವೀಲ್ ಡ್ರೈವ್ ಕಾರು: ಫಾರೆಸ್ಟರ್, ರಾವ್‌ಫೋರ್, ಸಿಆರ್‌ವಿ, ಆಕ್ಟೇವಿಯಾ, ಜಿಮ್ನಿ

ಹಿಂಬಾಗಿಲ ಮೇಲೆ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ) ಅಂತ ಅಂಟಿಸಿರುವ ಕಾರೆಲ್ಲ ಹಿಮದಲ್ಲಿ ಒಂದೇ ಥರ ಓಡುವುದಿಲ್ಲ. ಹಳೇ ಕಾರಿನಲ್ಲಂತೂ ಕೆಲವು ಸಲ ಆ ಅಕ್ಷರ ಮಾತ್ರ ಉಳಿದಿರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಯಾವತ್ತೋ ನಿಂತಿರುತ್ತದೆ, ದಿನಾ ಓಡಿಸುವವರಿಗೇ ಅದು ಗೊತ್ತಿರುವುದಿಲ್ಲ. ಹಾಗಾಗಿ ಈ ಸಲ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವಾಗ ಜಾಹೀರಾತು ಓದಿ ತೀರ್ಮಾನ ಮಾಡುವುದು ಬೇಡ ಅಂತ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಮ ಬಿದ್ದ ದಿನ ನೋಡಿಯೇ ಓಡಿಸಿದೆ. ಸುಬಾರು ಫಾರೆಸ್ಟರ್, ಟೊಯೋಟಾ ರಾವ್‌ಫೋರ್, ಹೋಂಡಾ ಸಿಆರ್‌ವಿ, ಸ್ಕೋಡಾ ಆಕ್ಟೇವಿಯಾ ಫೋರ್ ಬೈ ಫೋರ್, ಸುಜುಕಿ ಜಿಮ್ನಿ. ಒಂದು ಆಡಿ ಎ4 ಕ್ವಾಟ್ರೊ (ಆಡಿಯವರು ಆಲ್ ವೀಲ್ ಡ್ರೈವ್‌ಗೆ ಇಟ್ಟ ಹೆಸರು) ಕೂಡ. ಅದು ಬರೀ ಆಸೆಗೆ.

ಒಣ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿದರೆ ಇವುಗಳ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು, ಜಾರುವ ತಿರುವಿನ ಮಧ್ಯದಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಬೇಕು, ಖಾಲಿ ಪಾರ್ಕಿಂಗ್ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಬೇಕು. ಈ ಮೂರು ಮಾಡಿದರೆ ಸಾಕು, ಕಾರು ಎಂಥದ್ದು ಅಂತ ಅದೇ ಹೇಳುತ್ತದೆ.

ಫಾರೆಸ್ಟರ್ ಮೊದಲು. ಸುಬಾರು ಕಾರುಗಳಲ್ಲಿ (ಬಿಆರ್‌ಜೆಡ್ ಥರದ ಒಂದೆರಡನ್ನು ಬಿಟ್ಟು) ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುತ್ತಲೇ ಇರುತ್ತದೆ. ಮ್ಯಾನುಯಲ್ ಗೇರ್ ಇದ್ದರೆ ಮಧ್ಯದ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಟ್ಟು ಶಕ್ತಿ ಹಂಚುವ ಭಾಗ) ಮುಂದೆ ಹಿಂದೆ ಸಮಸಮ ಹಂಚುತ್ತದೆ. ಆಟೋಮ್ಯಾಟಿಕ್ ಮತ್ತು ಸಿವಿಟಿ (ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್) ಇರುವವುಗಳಲ್ಲಿ ಒಂದು ಮಲ್ಟಿಪ್ಲೇಟ್ ಕ್ಲಚ್ (ಒಂದಕ್ಕೊಂದು ಒತ್ತಿ ಹಿಡಿಯುವ ತಟ್ಟೆಗಳ ಜೋಡಣೆ) ಆ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಮುಂದಕ್ಕೆ 60, ಹಿಂದಕ್ಕೆ 40. ಇದರ ಲಾಭ ಕಾಣುವುದು ಏರಿನಲ್ಲಿ. ಒಂದು ಬದಿಯ ಚಕ್ರ ಐಸ್ ಮೇಲೆ, ಇನ್ನೊಂದು ಬದಿ ಒತ್ತಿ ಗಟ್ಟಿಯಾದ ಹಿಮದ ಮೇಲೆ ಇರುವಾಗ ಬ್ರೇಕ್ ಬಿಟ್ಟು ಹೊರಟೆ. ಒಂದು ಚೂರು ಕೂಡ ತಡವರಿಸಲಿಲ್ಲ, ಸುಮ್ನೆ ಎದ್ದು ನಡೆದ ಹಾಗೆ ಹೊರಟಿತು. ತಿರುವಿನಲ್ಲೂ ಅಷ್ಟೇ, ಮೂತಿ ಹೊರಗೆ ಹೋಗಲು ಶುರು ಮಾಡುವ ಹೊತ್ತಿಗೆ ಹಿಂದಿನ ಚಕ್ರ ಆಗಲೇ ಕೆಲಸದಲ್ಲಿ ಇರುತ್ತದೆ. ನೆಲದಿಂದ ಸುಮಾರು 22 ಸೆಂ.ಮೀ. ಎತ್ತರ ಇರುವುದರಿಂದ ಹಿಮ ತಳ್ಳುವ ಗಾಡಿ ರಸ್ತೆ ಪಕ್ಕ ಬಿಟ್ಟುಹೋಗುವ ಗುಡ್ಡೆಯನ್ನೂ ದಾಟುತ್ತದೆ. ಇದು ಸಣ್ಣ ವಿಷಯ ಅಲ್ಲ. ಬೆಳಿಗ್ಗೆ ಮನೆ ಮುಂದೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಆ ಗುಡ್ಡೆಯಿಂದಲೇ ಅಲ್ವಾ?

ಹಾಗಂತ ಯಾವ ವರ್ಷದ್ದಾದರೂ ತಗೊಳ್ಳಬಹುದು ಅಂತಲ್ಲ. ಹಳೇ ಫಾರೆಸ್ಟರ್‌ಗಳ ಇಜೆ25 ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಅದರ ಮುಚ್ಚಳವಾದ ಹೆಡ್ ನಡುವಿನ ಸೀಲು) ಸೋರುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕಥೆ. ಇದು ಬಾಕ್ಸರ್ ಎಂಜಿನ್, ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಮಲಗಿರುತ್ತವೆ. ಹಾಗಾಗಿ ಸೋರಿಕೆ ಕಾಣುವುದು ಎಂಜಿನ್ನಿನ ಕೆಳಬದಿಯಲ್ಲಿ, ಹೆಡ್ ಮತ್ತು ಬ್ಲಾಕ್ ಸೇರುವ ಗೆರೆಯ ಉದ್ದಕ್ಕೆ. ಬಾನೆಟ್ ಎತ್ತಿ ಮೇಲಿಂದ ನೋಡಿದರೆ ಎಲ್ಲ ಚೆನ್ನಾಗೇ ಇರುತ್ತದೆ. ಟಾರ್ಚ್ ಹಿಡಿದು ಕೆಳಗಿಂದ ನೋಡಬೇಕು, ಅಲ್ಲಿ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಕಪ್ಪು ಗೆರೆ ಕಟ್ಟಿದ್ದರೆ ಮುಂದಿನ ಕಾರಿಗೆ ಹೋಗಿ. ಆ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಎಂಜಿನ್ನಿನ ಓಟಕ್ಕೆ ಹೊಂದಿಸುವ ಬೆಲ್ಟ್) ಬೇರೆ. ಕಾಲಕ್ಕೆ ಬದಲಿಸದೆ ಅದು ತುಂಡಾದರೆ ವಾಲ್ವುಗಳೂ ಹೋಗುತ್ತವೆ. 2011ರ ಆಸುಪಾಸಿನಲ್ಲಿ ಬಂದ ಎಫ್‌ಬಿ ಎಂಜಿನ್ನಿನಲ್ಲಿ ಬೆಲ್ಟ್ ಬದಲು ಚೈನ್ ಇದೆ, ಗ್ಯಾಸ್ಕೆಟ್ ತಲೆನೋವೂ ಕಡಿಮೆ. ಆದರೆ ಮೊದಲ ಕೆಲವು ವರ್ಷಗಳ ಎಫ್‌ಬಿ ಎಂಜಿನ್ ಆಯಿಲ್ ಕುಡಿಯುತ್ತದೆ ಅನ್ನುವ ದೂರು ಇತ್ತು, ಅದಕ್ಕೆ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡದೆ ಕೈ ಹಾಕಬೇಡಿ. ಪೆಟ್ರೋಲ್ ಕೂಡ ಉಳಿದವುಗಳಿಗಿಂತ ಸ್ವಲ್ಪ ಜಾಸ್ತಿ ಬೇಕು. ಯಾವಾಗಲೂ ನಾಲ್ಕು ಚಕ್ರ ತಿರುಗಿಸುವ ಖರ್ಚು ಅದು.

ರಾವ್‌ಫೋರ್ ಮತ್ತು ಸಿಆರ್‌ವಿ ಬೇರೆ ಜಾತಿ. ಮಾಮೂಲಿ ರಸ್ತೆಯಲ್ಲಿ ಇವು ಹೆಚ್ಚುಕಮ್ಮಿ ಮುಂದಿನ ಚಕ್ರದ ಕಾರುಗಳು, ಬೇಕು ಅನ್ನಿಸಿದಾಗ ಹಿಂದಕ್ಕೆ ಶಕ್ತಿ ಕಳಿಸುತ್ತವೆ. ಕಳಿಸುವ ರೀತಿಯಲ್ಲಿ ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ, ನಾನು ಓಡಿಸಿದ ವರ್ಷಗಳ ಮಾಡೆಲ್‌ಗಳಲ್ಲಂತೂ. 2007ರಿಂದ 2011ರವರೆಗಿನ ಸಿಆರ್‌ವಿಯಲ್ಲಿ ಎರಡು ಆಯಿಲ್ ಪಂಪ್ ಇವೆ. ಒಂದು ಮುಂದಿನ ಚಕ್ರದ ವೇಗಕ್ಕೆ ತಿರುಗುತ್ತದೆ, ಇನ್ನೊಂದು ಹಿಂದಿನದಕ್ಕೆ. ಎರಡೂ ಒಂದೇ ವೇಗದಲ್ಲಿ ಇರುವವರೆಗೆ ಏನೂ ಆಗುವುದಿಲ್ಲ. ಮುಂದಿನ ಚಕ್ರ ಜಾರಿ ಜಾಸ್ತಿ ತಿರುಗಿದಾಗ ಆಯಿಲ್ ಪ್ರೆಷರ್ ಏರಿ ಕ್ಲಚ್ ಹಿಡಿಯುತ್ತದೆ. ಅಂದರೆ ಮೊದಲು ಜಾರಲೇಬೇಕು, ಆಮೇಲೆ ಸಹಾಯ. ಏರಿನಲ್ಲಿ ಮುಂದಿನ ಚಕ್ರ ಒಂದು ಸಲ ಕಿರ್ರ್ ಅಂತ ಸುತ್ತಿ, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಆಗಿ ಕಾರು ಹೊರಟಿತು. ಹೊರಡುವುದಕ್ಕೇನೂ ತೊಂದರೆ ಇಲ್ಲ. ನನಗೆ ಇಷ್ಟವಾಗದ್ದು ತಿರುವಿನ ಮಧ್ಯೆ ಆ ತಳ್ಳು ಬಂದದ್ದು, ಅಲ್ಲಿ ಸ್ಟೇರಿಂಗ್ ಕೈಯಲ್ಲಿ ಹಗುರಾದ ಹಾಗೆ ಅನ್ನಿಸಿ ಒಂದು ಕ್ಷಣ ಕಾಲು ಹಿಂದೆ ತೆಗೆದೆ. 2012ರ ಮಾಡೆಲ್‌ನಿಂದ ಇದನ್ನು ಎಲೆಕ್ಟ್ರಾನಿಕ್ ಮಾಡಿದ್ದಾರೆ. ಅದು ಮೊದಲೇ ಊಹಿಸಿ ಹಿಡಿಯುತ್ತದೆ, ಸಿಆರ್‌ವಿಯೇ ಬೇಕು ಅನ್ನುವವರು ಅಲ್ಲಿಂದ ಮುಂದಿನದ್ದನ್ನು ನೋಡುವುದು ಒಳ್ಳೆಯದು.

ರಾವ್‌ಫೋರ್, 2006ರಿಂದ 2012ರವರೆಗಿನ ಆಕಾರದ್ದು, ಇಲ್ಲಿ ಒಂದು ಹೆಜ್ಜೆ ಮುಂದಿದೆ. ಕ್ಲಚ್ಚನ್ನು ಕಂಪ್ಯೂಟರ್ ನಡೆಸುತ್ತದೆ. ಜೊತೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಲಾಕ್ ಬಟನ್ ಇದೆ. ಅದನ್ನು ಒತ್ತಿ ಏರಿನಲ್ಲಿ ಹೊರಟರೆ ಫಾರೆಸ್ಟರ್‌ಗೂ ಇದಕ್ಕೂ ಕಣ್ಣು ಮುಚ್ಚಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವೇಗ 40 ಕಿ.ಮೀ. ದಾಟಿದರೆ ಲಾಕ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಅದನ್ನು ಮರೆಯಬಾರದು. ಏರುವಾಗ ಇದ್ದ ಧೈರ್ಯದಲ್ಲೇ ಮೇಲೆ ಹೋಗಿ ವೇಗ ಏರಿಸಿದರೆ ಆಗ ನಾವು ಓಡಿಸುತ್ತಿರುವುದು ಬೇರೆ ಕಾರು. ಎಂಜಿನ್, ಗೇರ್‌ಬಾಕ್ಸ್ ವಿಷಯದಲ್ಲಿ ಚಿಂತೆ ಕಡಿಮೆ ಇರುವುದು ಇದರಲ್ಲೇ ಅಂತ ನನ್ನ ಲೆಕ್ಕ. ಆದರೆ ಅದೇ ಕಾರಣಕ್ಕೆ ಮಾರುವವರೂ ಬೆಲೆ ಇಳಿಸುವುದಿಲ್ಲ.

ಆಕ್ಟೇವಿಯಾ ಓಡಿಸಲು ಎಲ್ಲಕ್ಕಿಂತ ಖುಷಿ ಕೊಟ್ಟಿತು. ಎತ್ತರ ಕಡಿಮೆ, ಹಾಗಾಗಿ ತಿರುವಿನಲ್ಲಿ ವಾಲುವುದಿಲ್ಲ, ಡಿಕ್ಕಿ ದೊಡ್ಡದು. ಇದರಲ್ಲಿ ಇರುವುದು ಹಾಲ್ಡೆಕ್ಸ್ ಕ್ಲಚ್, ಬೇಕಾದಾಗ ಹಿಂದಿನ ಚಕ್ರಕ್ಕೆ ಶಕ್ತಿ ಜೋಡಿಸುವಂಥದ್ದು. ಗಾಲ್ಫ್ ಫೋರ್‌ಮೋಷನ್, ಆಡಿ ಎ3, ಟಿಟಿ, ಹಲವು ವೋಲ್ವೊಗಳಲ್ಲೂ ಅದೇ. ಆಡಿ ಅಂದಾಕ್ಷಣ ಎಲ್ಲವೂ ಹಳೇ ಕಾಲದ ಕ್ವಾಟ್ರೊ ಅಂದುಕೊಳ್ಳಬೇಡಿ. ಎಂಜಿನ್ ಉದ್ದಕ್ಕೆ ಕೂತಿರುವ ಎ4 ಥರದವುಗಳಲ್ಲಿ ಬಹಳ ಕಾಲ ಇದ್ದದ್ದು ಟಾರ್ಸೆನ್ ಎನ್ನುವ ಪೂರ್ತಿ ಗೇರುಗಳ ಡಿಫರೆನ್ಷಿಯಲ್, ಅಡ್ಡ ಕೂತಿರುವ ಎ3, ಟಿಟಿಯಲ್ಲಿ ಹಾಲ್ಡೆಕ್ಸ್. ಬ್ಯಾಡ್ಜ್ ಮಾತ್ರ ಎರಡಕ್ಕೂ ಒಂದೇ. ನಾನು ಓಡಿಸಿದ ಎ4 ತಿರುವಿನಲ್ಲಿ ಹಳಿ ಮೇಲೆ ಹೋದ ಹಾಗೆ ಹೋಯಿತು, ನಿಜ, ಆದರೆ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ ಇದ್ದರೆ ಎರಡು ಗೇಣು ಹಿಮ ಬಿದ್ದ ದಿನ ಏನು ಮಾಡುವುದು? ಆಸೆ ಅಲ್ಲಿಗೆ ಮುಗಿಯಿತು.

ಮತ್ತೆ ಹಾಲ್ಡೆಕ್ಸ್‌ಗೆ ಬರುತ್ತೇನೆ, ಯಾಕೆಂದರೆ ಹಳೇ ಕಾರು ತಗೊಳ್ಳುವವರು ಜಾಸ್ತಿ ಮೋಸ ಹೋಗುವ ಜಾಗ ಇದು. ಅದರ ಒಳಗೆ ಕ್ಲಚ್ ಪ್ಲೇಟುಗಳಿವೆ, ಅವಕ್ಕೆ ಬೇರೆಯೇ ಆಯಿಲ್ ಇದೆ, ಆ ಆಯಿಲನ್ನು ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಒತ್ತುತ್ತದೆ. ಪ್ಲೇಟ್ ಸವೆದ ಪುಡಿ ಆಯಿಲಿಗೆ ಸೇರುತ್ತದೆ. 2012–13ರಿಂದ ಬಂದ ಐದನೇ ಪೀಳಿಗೆಯ ಹಾಲ್ಡೆಕ್ಸ್‌ನಲ್ಲಿ ಬಿಚ್ಚಿ ಬದಲಿಸುವ ಫಿಲ್ಟರ್ ಇಲ್ಲ, ಪಂಪಿನ ಬಾಯಿಗೆ ಒಂದು ಸಣ್ಣ ಜಾಲರಿ ಮಾತ್ರ. ಪುಡಿಯೆಲ್ಲ ಆ ಜಾಲರಿಗೆ ಮೆತ್ತಿಕೊಂಡು ಪಂಪ್ ಉಸಿರುಕಟ್ಟಿ ಸಾಯುತ್ತದೆ. ಬರೀ ಆಯಿಲ್ ಬದಲಿಸಿದರೆ ಸಾಲದು, ಪಂಪ್ ಬಿಚ್ಚಿ ಆ ಜಾಲರಿ ತೊಳೆಯಬೇಕು. ಮೂರು ವರ್ಷಕ್ಕೊಮ್ಮೆ ಈ ಕೆಲಸ ಮಾಡಿಸಿದ ಬಿಲ್ ಇದ್ದರೆ ಆಕ್ಟೇವಿಯಾ ಬಹಳ ಒಳ್ಳೆಯ ಕಾರು. ಬಿಲ್ ಇಲ್ಲದಿದ್ದರೆ ಹಿಮ ಬೀಳುವವರೆಗೆ ಅದು ಎಷ್ಟು ಚಕ್ರದ ಕಾರು ಅಂತ ಹೇಳಲು ಬರುವುದಿಲ್ಲ.

ಜಿಮ್ನಿ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ನಿಜಕ್ಕೂ ಆಲ್ ವೀಲ್ ಡ್ರೈವ್ ಅಲ್ಲ. ಮಾಮೂಲಿಯಾಗಿ ಹಿಂದಿನ ಚಕ್ರದ್ದು, ನಾವು ಹಾಕಿದಾಗ ಮಾತ್ರ ಫೋರ್ ವೀಲ್, ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲ. ಆಳದ ಹಿಮದಲ್ಲಿ, ಲೋ ಗೇರಿನಲ್ಲಿ, ಉಳಿದ ಯಾವುದೂ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಚಳಿಗಾಲದ ರಸ್ತೆ ಅಂದರೆ ಅರ್ಧ ಕಿಲೋಮೀಟರ್ ಹಿಮ, ಆಮೇಲೆ ಒಣ ಟಾರು, ಮತ್ತೆ ನೆರಳಿನಲ್ಲಿ ಐಸ್. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿಕೊಂಡೇ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ತೆಗೆದರೆ ಐಸ್ ಬಂದಾಗ ಹಿಂಭಾಗ ತಿರುಗಿಕೊಳ್ಳುತ್ತದೆ, ಗಿಡ್ಡ ಗಾಡಿ ಬೇರೆ. ಕಾಡುದಾರಿಗೆ ಸರಿ, ದಿನಾ ಕೆಲಸಕ್ಕೆ ಹೋಗಿಬರಲು ನನಗಂತೂ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಬ್ರೇಕಿನ ವಿಷಯ. ಇಲ್ಲಿ ಯಾವ ಸಿಸ್ಟಮ್ಮೂ ಲೆಕ್ಕಕ್ಕಿಲ್ಲ. ಎರಡು ಚಕ್ರದ ಕಾರಿಗೂ ನಾಲ್ಕು ಬ್ರೇಕ್, ನಾಲ್ಕು ಚಕ್ರದ ಕಾರಿಗೂ ನಾಲ್ಕೇ ಬ್ರೇಕ್. ಖಾಲಿ ಜಾಗದಲ್ಲಿ ಒಂದೇ ವೇಗದಿಂದ ಬ್ರೇಕ್ ಒತ್ತಿ ನೋಡಿದಾಗ ವಿಂಟರ್ ಟಯರ್ ಹಾಕಿದ್ದ ಸಿಆರ್‌ವಿ, ಸವೆದ ಆಲ್ ಸೀಸನ್ ಟಯರಿನ ಫಾರೆಸ್ಟರ್‌ಗಿಂತ ಎಷ್ಟೋ ಮೊದಲು ನಿಂತಿತು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟಯರಿನ ರಬ್ಬರ್ ಗಟ್ಟಿಯಾಗುತ್ತದೆ. ಟಯರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ ಅನ್ನುವ ಗುರುತು) ಅಂತ ಇದ್ದರೆ ಸಾಲದು, ಅದನ್ನು ಹಿಮದ ಪರೀಕ್ಷೆ ಇಲ್ಲದೆಯೂ ಹಾಕಬಹುದು. ಹೊಸ ವಿಂಟರ್ ಟಯರಿನ ತೋಡು 8–9 ಮಿ.ಮೀ. ಆಳ ಇರುತ್ತದೆ, 4 ಮಿ.ಮೀ.ಗೆ ಇಳಿದರೆ ಹಿಮಕ್ಕೆ ಅದರ ಆಯಸ್ಸು ಮುಗಿಯಿತು. ಪಕ್ಕದಲ್ಲೇ ನಾಲ್ಕಂಕಿಯ ತಾರೀಖೂ ಇರುತ್ತದೆ: 3518 ಅಂದರೆ 2018ರ 35ನೇ ವಾರ.

ಟಯರಿನಿಂದ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಸುಬಾರು ಕಾರಿನ ನಾಲ್ಕು ಟಯರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಲೆಕ್ಕ ಹಾಕಿದರೆ ತೋಡಿನ ಆಳದಲ್ಲಿ ಅದು ಬರೀ 1 ಮಿ.ಮೀ. ಮುಂದೆ ಎರಡು ಹೊಸ ಟಯರ್, ಹಿಂದೆ ಎರಡು ಬೋಳು ಟಯರ್ ಹಾಕಿ ವರ್ಷಗಟ್ಟಲೆ ಓಡಿಸಿದ್ದರೆ ಮಧ್ಯದ ಕ್ಲಚ್ ಅಷ್ಟೂ ದಿನ ಉಜ್ಜುತ್ತಲೇ ಇತ್ತು ಅಂತ ಅರ್ಥ. ಉಳಿದ ಕಂಪನಿಗಳ ಕಾರಿಗೂ ಹೆಚ್ಚುಕಮ್ಮಿ ಇದೇ ಮಾತು. ಆಳ ಅಳೆಯುವ ಕಡ್ಡಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ನಾಲ್ಕೂ ಟಯರಿಗೆ ಚುಚ್ಚಿ ನೋಡಿ. ಮಾರುವವರ ಮುಖ ಸಪ್ಪೆಯಾದರೆ ಆಗಲಿ.

ನೋಡಿದ ಕಾರುಗಳಲ್ಲಿ ಒಂದು, ಯಾವುದು ಅಂತ ಹೇಳುವುದು ಬೇಡ, ಏರಿನಲ್ಲಿ ಮುಂದಿನ ಚಕ್ರ ಸುತ್ತುತ್ತಲೇ ಇತ್ತು, ಕೆಳಗಿಳಿದು ನೋಡಿದರೆ ಹಿಂದಿನ ಚಕ್ರದ ಸುತ್ತ ಹಿಮ ಮುಟ್ಟಿದ ಹಾಗೂ ಇಲ್ಲ. "ಎಂಜಿನ್ ಬಿಸಿಯಾಗಬೇಕು ಸಾರ್, ಆಮೇಲೆ ಹಿಡಿಯುತ್ತೆ" ಅಂದರು ಮಾರುವವರು. ಅಂಥ ಸಿಸ್ಟಮ್ ಈ ಕಾರುಗಳಲ್ಲಿ ಯಾವುದರಲ್ಲೂ ಇಲ್ಲ. ಇನ್ನೊಂದರಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಣ ನೆಲದ ಮೇಲೆ ಸುತ್ತು ಹಾಕಿದಾಗ ಯಾರೋ ಹ್ಯಾಂಡ್‌ಬ್ರೇಕ್ ಎಳೆದೆಳೆದು ಬಿಟ್ಟ ಹಾಗೆ ಕಾರು ಕುಂಟಿತು. ಕ್ಲಚ್ ಬಿಟ್ಟುಕೊಳ್ಳದೆ ಅಂಟಿಕೊಂಡಿದ್ದರೆ ಹೀಗೆ ಆಗುತ್ತದೆ. ಆಯಿಲ್ ಬದಲಿಸಿದರೆ ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ಇಲ್ಲ. ಆ ಜೂಜು ನಾವೇಕೆ ಆಡಬೇಕು?

ಇನ್ನು ತುಕ್ಕು. ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ ಕಾರಿಗೆ ಎಂಜಿನ್ನಿಗಿಂತ ಮೊದಲು ಹೋಗುವುದು ಹೊಟ್ಟೆ. ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಲೋಹದ ಚೌಕಟ್ಟು), ಸಸ್ಪೆನ್ಷನ್ ಬಿಗಿದಿರುವ ಜಾಗಗಳು, ಬ್ರೇಕ್ ಪೈಪು. ಹೊರಗೆ ಬಣ್ಣ ಮಿರಮಿರ ಅಂದರೂ ಲಿಫ್ಟ್ ಮೇಲೆ ಹಾಕಿ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ. ಟಣ್ ಅಂದರೆ ಸರಿ, ಬುಸಕ್ಕನೆ ಒಳಗೆ ಹೋದರೆ ಮಾತುಕತೆ ಮುಗಿಯಿತು. ಹೊಸದಾಗಿ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದರೆ ಇನ್ನೂ ಅನುಮಾನ ಪಡಿ.

ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಒಂದು ಎಫ್‌ಬಿ ಎಂಜಿನ್ನಿನ ಫಾರೆಸ್ಟರ್ ಮತ್ತು ಒಂದು ರಾವ್‌ಫೋರ್. ರಾವ್‌ಫೋರ್ ಕಡಿಮೆ ಓಡಿತ್ತು, ಒಳಗೆ ಇನ್ನೂ ಚೆನ್ನಾಗಿತ್ತು. ನಾನು ದಿನಾ ಹೋಗುವ ದಾರಿಯಲ್ಲಿ ಏರಿಗಿಂತ ತಿರುವು ಜಾಸ್ತಿ, ವೇಗವೂ 40 ದಾಟುತ್ತದೆ, ಅಲ್ಲಿ ಲಾಕ್ ಬಟನ್ನಿನಿಂದ ನನಗೆ ಉಪಯೋಗ ಇಲ್ಲ. ಅದಕ್ಕೆ ಫಾರೆಸ್ಟರ್ ತಗೊಂಡೆ. ಏರುದಾರಿ ಇರುವ ಮನೆ, ಉಳಿದಂತೆ ಚೊಕ್ಕ ಮಾಡಿದ ರಸ್ತೆ ಅಂದಿದ್ದರೆ ಕಣ್ಣು ಮುಚ್ಚಿ ರಾವ್‌ಫೋರ್ ತರುತ್ತಿದ್ದೆ. ಹಾಲ್ಡೆಕ್ಸ್ ಬಿಲ್ ಸಮೇತ ಒಂದು ಆಕ್ಟೇವಿಯಾ ಸಿಕ್ಕಿದ್ದರೆ ಎರಡನ್ನೂ ಬಿಡುತ್ತಿದ್ದೆನೋ ಏನೋ. ತಗೊಂಡ ಮೇಲೆ ಮೊದಲು ಮಾಡಿಸಿದ ಕೆಲಸ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬದಲಿಸುವುದು, ಆಮೇಲೆ ನಾಲ್ಕೂ ಚಕ್ರಕ್ಕೆ ಒಂದೇ ಬ್ರ್ಯಾಂಡಿನ ಹೊಸ ವಿಂಟರ್ ಟಯರ್. ಕಾರಿನ ಬೆಲೆ ಮಾತಾಡುವಾಗಲೇ ಈ ಎರಡರ ಖರ್ಚನ್ನೂ ಸೇರಿಸಿಕೊಂಡು ಚೌಕಾಸಿ ಮಾಡಿ.