ಓವಾಲೆ ಜಿಪಿ-0 160: ಪುಟ್ಟ ಬೈಕು ಕಲಿಸುವುದೇನು, ಕೆಡಿಸುವುದೇನು

ಟ್ರ್ಯಾಕ್ ಡೇಗಳಿಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಬೈಕು ಓಡಿಸುವ ದಿನಗಳಿಗೆ) ಹೋಗುವ ರೈಡರ್‌ಗಳಿಗೆ ನೇರ ಶಿಫಾರಸು: ಈ ಇಟಾಲಿಯನ್ ಮಿನಿ ರೇಸ್ ಬೈಕು ಸಿಕ್ಕರೆ ಬಿಡದೆ ಓಡಿಸಿ. ಕೊಳ್ಳುವ ಮಾತು ಬೇರೆ, ಅದನ್ನು ಆಮೇಲೆ ನೋಡೋಣ.

ಮಾಮೂಲಿ ಬೈಕಿಗಿಂತ ತೀರಾ ಗಿಡ್ಡ, ತೂಕ 70 ಕೆಜಿ ಆಸುಪಾಸು, ಪುಟ್ಟ ಚಕ್ರ, ಮುಂದೆ ಹಿಂದೆ ಡಿಸ್ಕ್ ಬ್ರೇಕ್, ಸ್ಟೀಲ್ ಪೈಪಿನ ಫ್ರೇಮ್. ಎಂಜಿನ್ ಪಿಟ್‌ಬೈಕ್ (ಪುಟ್ಟ ಆಫ್‌ರೋಡ್ ಬೈಕು) ಜಾತಿಯದು: ಸಿಲಿಂಡರ್ ಮುಂದಕ್ಕೆ ಮಲಗಿರುವ, ಗಾಳಿಯಲ್ಲಿ ತಣಿಯುವ 4-ಸ್ಟ್ರೋಕ್, ಒಂದೇ ಸಿಲಿಂಡರಿನದು. ಬೈಕ್ ರೇಸಿನ ಜಾಗತಿಕ ಒಕ್ಕೂಟ ಎಫ್‌ಐಎಂ ಮತ್ತು ಮೋಟೋಜಿಪಿ ನಡೆಸುವ ಕಂಪನಿ ಡೋರ್ನಾ 2021ರಲ್ಲಿ ಶುರು ಮಾಡಿದ ಮಿನಿಜಿಪಿ ವರ್ಲ್ಡ್ ಸೀರೀಸ್‌ನಲ್ಲಿ 10ರಿಂದ 14 ವರ್ಷದ ಮಕ್ಕಳು ಓಡಿಸುವುದು ಇದನ್ನೇ. ದೊಡ್ಡವರಿಗೆ ಎದುರಾಗುವ ಅರ್ಧ ತೊಂದರೆಗಳ ಮೂಲವೂ ಇಲ್ಲೇ ಇದೆ.

ಮೊದಲು ಲಾಭದ ಲೆಕ್ಕ. ಬೈಕು 45 ಡಿಗ್ರಿ ವಾಲಬೇಕಾದರೆ 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 36 ಕಿಮೀ ವೇಗ ಸಾಕು. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದೇ ವಾಲಿಕೆಗೆ 113 ಕಿಮೀ ಬೇಕು. ಟೈರಿನ ಹಿಡಿತ ತಪ್ಪುವ ಅಂಚು ಎರಡೂ ಕಡೆ ಒಂದೇ, ಆದರೆ ಜಾರಿದಾಗ ಮೈಮೇಲೆ ಬರುವ ಶಕ್ತಿ ಸುಮಾರು ಹತ್ತನೇ ಒಂದು ಭಾಗ. ಮುಂದಿನ ಚಕ್ರ ಜಾರತೊಡಗುವುದು ಹೇಗಿರುತ್ತದೆ ಎಂದು ಅಂಗೈಗೆ ಗೊತ್ತಾಗಬೇಕಾದರೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಅಗ್ಗ ಎಂದರೆ ಮೂಳೆಯ ಲೆಕ್ಕದಲ್ಲಿ. ಹಾಗೆಂದು ಲೆದರ್ ಸೂಟ್, ಬೂಟು, ಬೆನ್ನಿನ ಕವಚ ಬಿಡುವಂತಿಲ್ಲ. ಇದನ್ನು ಓಡಿಸುವ ಗೋ-ಕಾರ್ಟ್ ಟ್ರ್ಯಾಕುಗಳಲ್ಲಿ ಟೈರ್ ಪೇರಿಸಿ ಕಟ್ಟಿದ ಗೋಡೆಗಳು ತೀರಾ ಹತ್ತಿರ ಇರುತ್ತವೆ.

ಎರಡನೆಯದು ಮೈ ಭಂಗಿ. 75 ಕೆಜಿ ಸವಾರ ಯಮಹಾ ಆರ್‌15 ಮೇಲೆ ಕುಳಿತರೆ ಒಟ್ಟು ತೂಕದಲ್ಲಿ ಅವನ ಪಾಲು ಮೂರನೇ ಒಂದರ ಸುತ್ತಮುತ್ತ. ಓವಾಲೆ ಮೇಲೆ ಅರ್ಧಕ್ಕೂ ಹೆಚ್ಚು. ಸೊಂಟ ತಡವಾಗಿ ಸರಿಸಿದರೆ, ಹ್ಯಾಂಡಲ್ ಹಿಡಿದು ನೇತಾಡಿದರೆ ಬೈಕು ಅಲ್ಲೇ ತೂಗಾಡುತ್ತದೆ. ಆರ್‌15 ಕ್ಷಮಿಸುವ ತಪ್ಪುಗಳನ್ನು ಇದು ಕ್ಷಮಿಸುವುದಿಲ್ಲ. ಆದರೆ ಮೊಣಕಾಲು ನೆಲ ಮುಟ್ಟಿತೆಂದು ಬೀಗಬೇಡಿ. ಸೀಟು ಇಷ್ಟು ತಗ್ಗಿದ್ದರೆ ಮುಟ್ಟದೆ ಇನ್ನೇನು.

ಈಗ ಕೈ ಕಪ್ಪಾಗುವ ಭಾಗ. ಹಗುರ ಮೈಯ ಮಕ್ಕಳಿಗೆ ಹೊಂದಿಸಿದ ಫೋರ್ಕ್ (ಮುಂದಿನ ಸಸ್ಪೆನ್ಷನ್) ಸ್ಪ್ರಿಂಗ್ 75 ಕೆಜಿಗೆ ಮೆತ್ತಗಾಗುತ್ತದೆ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ತೆಳ್ಳನೆ ಪ್ಲಾಸ್ಟಿಕ್ ಟೈ ಬಿಗಿದು, ಸೀಲಿನವರೆಗೆ ತಳ್ಳಿ, ನಾಲ್ಕು ಲ್ಯಾಪ್ ಓಡಿಸಿ ಬನ್ನಿ. ಟೈ ಕೊನೆಯವರೆಗೂ ಹೋಗಿದ್ದರೆ ಬ್ರೇಕ್ ಹಿಡಿದಾಗ ಫೋರ್ಕ್ ತಳ ಮುಟ್ಟುತ್ತಿದೆ. ಆಗ ಮುಂದಿನ ಟೈರು ಜಾರುವುದಕ್ಕೆ ಬೈಗುಳ ಟೈರಿಗೆ ಸಿಗುತ್ತದೆ, ತಪ್ಪು ಸ್ಪ್ರಿಂಗಿನದು. ಗಟ್ಟಿ ಸ್ಪ್ರಿಂಗ್ ಹಾಕಿ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದು) ತಿರುಗಿಸಿದ ಮಾತ್ರಕ್ಕೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ.

ಪುಟ್ಟ ಟೈರಿನಲ್ಲಿ ಗಾಳಿಯೇ ಕಡಿಮೆ. ಗೇಜ್ ಒತ್ತಿ ತೆಗೆಯುವಾಗ ಸೋರುವ ಚೂರು ಗಾಳಿಗೂ ಒತ್ತಡ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಆದ್ದರಿಂದ ಒಂದೇ ಒಳ್ಳೆಯ ಗೇಜ್ ಇಟ್ಟುಕೊಳ್ಳಿ, ಪಿಟ್‌ಗೆ ಬಂದ ತಕ್ಷಣ ಬಿಸಿ ಒತ್ತಡ ಒಮ್ಮೆ ಅಳೆದು ಬರೆದಿಡಿ.

ಬಿದ್ದಾಗ ಹೋಗುವುದು ಬ್ರೇಕ್ ಲಿವರ್, ಕ್ಲಚ್ ಲಿವರ್, ಗೇರ್ ಲಿವರ್ ಮತ್ತು ಕಾಲಿಡುವ ಪೆಗ್. ಇವು ನಾಲ್ಕೂ ಒಂದೊಂದು ಜೊತೆಗಿರಲಿ. ಕಾರ್ಬ್ಯುರೇಟರ್ ಇರುವ ಬೈಕು ಬಿದ್ದು ಎದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಹೆಚ್ಚಾಗಿ ಓವರ್‌ಫ್ಲೋ ಆಗಿ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ನುಗ್ಗಿರುತ್ತದೆ: ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆಯಿರಿ, ಎಂಜಿನ್ ಹಿಡಿದುಕೊಂಡ ಕೂಡಲೇ ಥ್ರಾಟಲ್ ಬಿಡಿ. ಎಂಜಿನ್ ಆಯಿಲ್ ಒಂದು ಲೀಟರಿನ ಸುತ್ತಮುತ್ತ ಮಾತ್ರ, ಅದರಲ್ಲೇ ಕ್ಲಚ್ಚೂ ಮುಳುಗಿರುತ್ತದೆ. ನ್ಯೂಟ್ರಲ್ ಸಿಗದೆ ಕಾಡಿದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಆಯಿಲ್ ಮಟ್ಟ, ಕ್ಲಚ್ ಕೇಬಲ್‌ನ ಸಡಿಲ ನೋಡಿ.

ಎತ್ತರದವರಿಗೆ ಒಳಗಿನ ಮೊಣಕೈ ಮೊಣಕಾಲಿಗೆ ತಾಗುತ್ತದೆ. ಸೀಟಿನ ಮೇಲೆ 2–3 ಸೆಂಮೀ ಫೋಮ್ ಅಂಟಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಆರಡಿ ದಾಟಿದವರಿಗೆ ಇದಕ್ಕಿಂತ ದೊಡ್ಡದಾದ 12 ಇಂಚಿನ ಚಕ್ರದ ಮಿನಿ ಬೈಕೇ ವಾಸಿ.

ಅಭ್ಯಾಸ ಹೀಗಿರಲಿ: ಮೊದಲ 15 ನಿಮಿಷ ಒಂದೇ ಗೇರ್, ಬ್ರೇಕ್ ಮುಟ್ಟುವಂತಿಲ್ಲ. ಆಗ ಲೈನ್ (ತಿರುವಿನಲ್ಲಿ ಬೈಕು ಹಿಡಿಯುವ ದಾರಿ) ತಪ್ಪಿದ್ದೆಲ್ಲ ಬಯಲಾಗುತ್ತದೆ. ಆಮೇಲೆ ಬ್ರೇಕ್ ಸೇರಿಸಿ, ಬೈಕು ವಾಲುತ್ತ ಹೋದಂತೆ ಲಿವರ್ ಸ್ವಲ್ಪ ಸ್ವಲ್ಪವೇ ಬಿಡುವುದನ್ನು ರೂಢಿಸಿಕೊಳ್ಳಿ. ಒಮ್ಮೆಗೇ ಬಿಟ್ಟರೆ ಫೋರ್ಕ್ ಪುಟಿದು ಬೈಕು ಹೊರಕ್ಕೆ ಓಡುತ್ತದೆ. ದಣಿದಾಗ ನಿಲ್ಲಿಸಿ, ಜಾರುವುದು ಹೆಚ್ಚಾಗಿ ಕೊನೆಯ ಲ್ಯಾಪ್‌ಗಳಲ್ಲೇ.

ಕೆಡಿಸುವುದು ಮುಖ್ಯವಾಗಿ ಬಲಗೈಯನ್ನು. ಈ ಎಂಜಿನ್‌ನಲ್ಲಿ ವಾಲಿರುವಾಗಲೇ ಥ್ರಾಟಲ್ ಧಾರಾಳವಾಗಿ ತೆರೆಯಬಹುದು. ಲೀಟರ್ ಬೈಕಿನಲ್ಲಿ (1000 ಸಿಸಿಯದು) ಅದೇ ಕೈ ಹಾಗೆ ತಿರುಗಿದರೆ ಹಿಂದಿನ ಚಕ್ರ ಜಾರಿ ಸವಾರನನ್ನೇ ಎತ್ತಿ ಬಿಸಾಡುತ್ತದೆ. ಲೈನ್ ಕೂಡ ಬೇರೆ. ಮಿನಿಯಲ್ಲಿ ವೇಗ ಕಳೆದುಕೊಳ್ಳದ ದುಂಡನೆಯ ಕಮಾನು ಗೆಲ್ಲುತ್ತದೆ, ದೊಡ್ಡ ಬೈಕಿನಲ್ಲಿ ಬೇಗ ತಿರುಗಿಸಿ ನೆಟ್ಟಗೆ ಮಾಡಿಕೊಂಡು ಹೊರಡುವುದು. ಚಿಕ್ಕ ಚಕ್ರ ಬೆರಳಿನ ಒತ್ತಿಗೇ ತಿರುಗುವುದರಿಂದ, 17 ಇಂಚಿನ ಚಕ್ರಕ್ಕೆ ಮರಳಿದ ಮೊದಲ ಸೆಷನ್‌ನಲ್ಲಿ ಕೌಂಟರ್‌ಸ್ಟಿಯರಿಂಗ್ (ತಿರುಗಬೇಕಾದ ಕಡೆಯ ಹ್ಯಾಂಡಲ್ ಮುಂದಕ್ಕೆ ತಳ್ಳಿ ಬೈಕು ವಾಲಿಸುವುದು) ಬಲವಾಗಿ ಕೊಡಲು ಮರೆತು ಅಗಲಕ್ಕೆ ಹೋಗುವವರೇ ಹೆಚ್ಚು. ಆ ಸೆಷನ್ ನಿಧಾನವಾಗಿಯೇ ಇರಲಿ.

ಇನ್ನು ಕೊಳ್ಳುವ ವಿಚಾರ. ನಮ್ಮಲ್ಲಿ ಇದು ಪೂರ್ತಿ ಆಮದು. ಸುಂಕ ಸೇರಿದರೆ ಹೊಸ ಆರ್‌15ಗಿಂತ ದುಬಾರಿ, ಬಿಡಿಭಾಗಕ್ಕೆ ಕಾಯಬೇಕು. ದೀಪವಿಲ್ಲ, ನಂಬರ್ ಪ್ಲೇಟ್ ಇಲ್ಲ, ಬೀದಿಗೆ ಇಳಿಸುವಂತಿಲ್ಲ, ಪಿಕಪ್ ಬೇಕೇ ಬೇಕು. ಬೆಂಗಳೂರಿನವರು ಊರಿನ ಕಾರ್ಟ್ ಟ್ರ್ಯಾಕ್‌ಗಳಲ್ಲಿ ಮಿನಿ ಬೈಕ್ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿ, ಬಾಡಿಗೆಗೆ ಓಡಿಸುವುದೇ ಲಾಭ. ಬಾಡಿಗೆ ಬೈಕು ಕೈಗೆ ಬಂದಾಗ ಮುಂದಿನ ಬ್ರೇಕ್ ಒತ್ತಿ ಹಿಡಿದು ಹ್ಯಾಂಡಲ್ ಹಿಂದೆಮುಂದೆ ಅಲುಗಿಸಿ ನೋಡಿ. ಸ್ಟಿಯರಿಂಗ್ ಬೇರಿಂಗ್‌ನಲ್ಲಿ ಟಕ್ ಟಕ್ ಅಂದರೆ ಬೇರೆ ಬೈಕು ಕೇಳಿ.