ಅರೆತಲೆನೋವಿನ ವಾಕರಿಕೆಗೆ ಶುಂಠಿಯೋ, ಮಾತ್ರೆಯೋ?

ನನಗೆ ಅರೆತಲೆನೋವು ಬಂದರೆ ತಲೆಗಿಂತ ಮೊದಲು ಹೊಟ್ಟೆ ತೊಳಸುತ್ತದೆ. ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದರೂ ಸಾಕು, ಬಚ್ಚಲಿಗೆ ಓಡಬೇಕು. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗೋದು, ಅರ್ಧ ಗಂಟೆಗೆ ಅದನ್ನೇ ವಾಂತಿ ಮಾಡೋದು, ಇದೇ ಆಯಿತು. ಕೊನೆಗೆ ಡಾಕ್ಟರು ಬಿಡಿಸಿ ಹೇಳಿದರು: ಮೈಗ್ರೇನ್ ಹೊತ್ತಲ್ಲಿ ಹೊಟ್ಟೆಯ ಕೆಲಸ ನಿಧಾನ ಆಗುತ್ತದೆ, ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದು ತಡ. ಅವತ್ತಿನಿಂದ ಮೊದಲು ವಾಕರಿಕೆ ನೋಡಿಕೊಳ್ಳುತ್ತೇನೆ.

ಹೆಬ್ಬೆರಳ ಗೆಣ್ಣಿನಷ್ಟು ಹಸಿ ಶುಂಠಿ ಜಜ್ಜಿ, ಒಂದು ಲೋಟ ನೀರಲ್ಲಿ ಕುದಿಸಿ, ಚಿಟಿಕೆ ಉಪ್ಪು ಹಾಕುತ್ತೇನೆ. ಪೂರ್ತಿ ಆರಿದ ಮೇಲೆ ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಯುತ್ತೇನೆ. ಬಿಸಿ ಇದ್ದರೆ ಆ ಹಬೆಗೇ ವಾಕರಿಕೆ ಜಾಸ್ತಿ. ಬಾಯಲ್ಲಿ ನೀರೂರಲು ಶುರುವಾದಾಗಲೇ ಕುಡಿದರೆ ನಿಜವಾಗಿಯೂ ಹಿತ. ಒಂದು ಸಲ ವಾಂತಿ ಆಯಿತೋ, ಶುಂಠಿಯ ಆಟ ನಡೆಯುವುದಿಲ್ಲ.

ಡಾಕ್ಟರು ಬರೆದುಕೊಟ್ಟದ್ದು ಡೊಂಪೆರಿಡೋನ್, 10 ಮಿಲಿಗ್ರಾಂ. ಇದು ಹೊಟ್ಟೆಯಲ್ಲಿ ಇದ್ದದ್ದನ್ನು ಮುಂದಕ್ಕೆ ತಳ್ಳುತ್ತದೆ, ಹಾಗಾಗಿ ನೋವಿನ ಮಾತ್ರೆಗೂ ದಾರಿ ಆಗುತ್ತದೆ. ನನ್ನ ಮಟ್ಟಿಗೆ ಇದೇ ಮೇಲು. ಆದರೆ ಹೃದಯದ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಲೇಬಾರದು.

ನುಂಗಿದ್ದು ನಿಲ್ಲದ ದಿನಕ್ಕೆ ಒಂಡಾನ್ಸೆಟ್ರಾನ್ ಇದೆ. ನಾಲಿಗೆ ಮೇಲಿಟ್ಟರೆ ಕರಗುತ್ತದೆ, ನೀರೂ ಬೇಡ. ಬಸ್ಸಿನಲ್ಲಿ ಒಮ್ಮೆ ಕಿಟಕಿ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದಾಗ ಇದೇ ನನ್ನನ್ನು ಮನೆ ಮುಟ್ಟಿಸಿತು. ವಾಂತಿ ನಿಲ್ಲುತ್ತದೆ, ಆದರೆ ಮಾರನೇ ದಿನ ಮಲಬದ್ಧತೆ. ಕೆಲವರಿಗೆ ಇದರಿಂದಲೇ ತಲೆನೋವು ಬರುವುದೂ ಉಂಟು. ಅದಕ್ಕೇ ಕೊನೆಯ ಆಸರೆಯಾಗಿ ಇಟ್ಟುಕೊಂಡಿದ್ದೇನೆ.

ಅಮ್ಮ ಹಣೆಗೆ ಬಾಮ್ ಹಚ್ಚಲು ಬರುತ್ತಾರೆ. ಬೇರೆ ತಲೆನೋವಿಗೆ ಸರಿ, ಇದರಲ್ಲಿ ಆ ವಾಸನೆಯೇ ಆಗುವುದಿಲ್ಲ. ಟವಲ್ಲಿನಲ್ಲಿ ಐಸ್ ಸುತ್ತಿ ಕತ್ತಿನ ಹಿಂದೆ 15 ನಿಮಿಷ ಇಟ್ಟು, ಕಿಟಕಿ ಪರದೆ ಎಳೆದು ಮಲಗುವುದು ಬಾಮಿಗಿಂತ ಎಷ್ಟೋ ವಾಸಿ. ವಾಂತಿ ಜಾಸ್ತಿ ಆದರೆ ಓಆರ್‌ಎಸ್ ನೀರು, ಗುಟುಕು ಗುಟುಕಾಗಿ. ನಿಂಬೆ ಶರಬತ್ತು ನನಗೆ ಹುಳಿ ತೇಗು ತಂದಿತು, ಬಿಟ್ಟೆ.

ಮಾತ್ರೆ ತೆಗೆದುಕೊಂಡ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ ಮುಟ್ಟಿ, ಹಾಗೇ ಕೆಲವು ತಿಂಗಳು ನಡೆದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಈ ತಿಂಗಳು ನನ್ನದು ನಾಲ್ಕು ಗುರುತು.