ಓಲೆ ಬೆಂದಿದೆ ಅಂತ ಕಣ್ಣಿಂದ ನೋಡಿ ನಂಬಬೇಡಿ

ಪಾಲಿಮರ್ ಕ್ಲೇ, ಅಂದರೆ ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಕ್ಲೇಯಿಂದ ಓಲೆ ಮಾಡಿ ಮಾರುವವರಿಗೆ, ಈಗಷ್ಟೇ ಶುರು ಮಾಡಬೇಕು ಅಂತ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮದುವೆಗೆ ಅಂತ ಕೊಟ್ಟ 40 ಜೊತೆ ಓಲೆಯಲ್ಲಿ 31 ಜೊತೆ ನನ್ನ ಮನೆಗೆ ವಾಪಸ್ ಬಂದಿವೆ. ಕೆಲವು ಮುರಿದು, ಕೆಲವು ಅಂಟಂಟಾಗಿ, ಕೆಲವು ಡಬ್ಬಿ ಸಮೇತ. ನಿಮಗೆ ಹೀಗಾಗಬಾರದು.

ನಾನು ಗದಗ ಪಕ್ಕದ ಬೆಟಗೇರಿಯವಳು. ಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಹೊಲದಲ್ಲಿ, ಬದುವಿನಲ್ಲಿ ಕಾಣುವುದೇ ನನ್ನ ಡಿಸೈನ್. ಕುಸುಬಿ ಹೂವು, ಅರಳಿದ ಹತ್ತಿಕಾಯಿ, ಬೇವಿನ ಎಲೆ. ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತನ್ನೂ ಮಾಡುತ್ತೇನೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಹೆಬ್ಬಾತಿನ ಓಲೆ ಕೇಳುವವರು ಜಾಸ್ತಿ ಆದರು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ ಬರಬೇಕು. ಅದಕ್ಕೆ ಕಪ್ಪು ಕ್ಲೇಯನ್ನು ಶಾವಿಗೆಗಿಂತ ತೆಳ್ಳಗೆ ಹೊಸೆದು, ಸೂಜಿ ತುದಿಯಲ್ಲಿ ಎತ್ತಿ ಕೂರಿಸಬೇಕು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದೊಂದು ಜೊತೆಯ ಹಿಂದೆ ಅಷ್ಟು ಹೊತ್ತು ಕೂತಿರುತ್ತೇವೆ. ಅದು ಹಾಳಾದಾಗ ದುಡ್ಡು ಮಾತ್ರ ಹೋಗುವುದಿಲ್ಲ.

ಹಾವೇರಿಯ ಒಬ್ಬ ಹುಡುಗಿ ತನ್ನ ಮದುವೆಯಲ್ಲಿ ಗೆಳತಿಯರಿಗೆ, ಅಕ್ಕತಂಗಿಯರಿಗೆ ಕೊಡೋಕೆ 40 ಜೊತೆ ಬೇಕು ಅಂದಳು. ಅರ್ಧ ಕುಸುಬಿ ಹೂವು, ಅರ್ಧ ಹತ್ತಿಕಾಯಿ. ಒಂದು ಜೊತೆಗೆ 220 ರೂಪಾಯಿ, ಮುಂಗಡ 4,000. ನನಗೆ ಅಲ್ಲಿವರೆಗೆ ಬಂದಿದ್ದರಲ್ಲಿ ಅದೇ ದೊಡ್ಡ ಆರ್ಡರ್. ನಾನು ಯಾವಾಗಲೂ ಬಳಸುವ ಫಿಮೋ ಕ್ಲೇಯಲ್ಲಿ ನನಗೆ ಬೇಕಾದ ಬಣ್ಣ ಆಗ ಎಲ್ಲೂ ಸಿಗಲಿಲ್ಲ. ಕೈಯಲ್ಲಿ ಇದ್ದದ್ದು ಮೂರು ವಾರ. ಫೋನಿನಲ್ಲಿ ಹುಡುಕಿದಾಗ ಒಬ್ಬ ಮಾರಾಟಗಾರ ಸಿಕ್ಕ. 57 ಗ್ರಾಂ ಫಿಮೋ ಪ್ಯಾಕೆಟ್ಟಿನ ದರಕ್ಕೆ ಅವನ ಹತ್ತಿರ ಕಾಲು ಕಿಲೋ ಕ್ಲೇ. ಫೋಟೋದಲ್ಲಿ ಒಳ್ಳೆ ಕಂಪನಿಯ ಪ್ಯಾಕೆಟ್ ಇತ್ತು.

ಮನೆಗೆ ಬಂದದ್ದು ಬೇರೆ. ಸಾದಾ ಪ್ಲಾಸ್ಟಿಕ್ ಕವರ್, ಒಳಗೆ ತುಂಡು ಮಾಡಿದ ಕ್ಲೇ, ಮೇಲೆ ಮಾರ್ಕರ್‌ನಲ್ಲಿ ಬಣ್ಣದ ಹೆಸರು. ಅಷ್ಟೇ. ಕಂಪನಿ ಹೆಸರಿಲ್ಲ, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಬೇಯಿಸಬೇಕು ಅಂತ ಇಲ್ಲ. ಕೇಳಿದರೆ, "ದೊಡ್ಡ ಬ್ಲಾಕ್ ಕಟ್ ಮಾಡಿ ಕೊಡ್ತೀವಿ ಮೇಡಂ, ಕ್ಲೇ ಎಲ್ಲಾ ಒಂದೇ, ಟೆಂಪರೇಚರೂ ಒಂದೇ" ಅಂದ. ಅಲ್ಲಿಗೇ ಅದನ್ನು ಕಟ್ಟಿ ವಾಪಸ್ ಕಳಿಸಬೇಕಿತ್ತು.

ಟೆಂಪರೇಚರ್ ಒಂದೇ ಅಲ್ಲ. ಫಿಮೋ 110 ಡಿಗ್ರಿಯಲ್ಲಿ 30 ನಿಮಿಷ ಬೇಯಬೇಕು. ಪ್ರೀಮೋ ಅನ್ನುವ ಇನ್ನೊಂದು ಕ್ಲೇಗೆ 130 ಡಿಗ್ರಿ, 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ. ಕವರ್ ಮೇಲೆ ಇದು ಇಲ್ಲ ಅಂದರೆ ನೀವು ಕುರುಡಾಗಿ ಬೇಯಿಸುತ್ತೀರಿ. ಇನ್ನೊಂದು ವಿಷಯ. ಹೀಗೆ ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ತೂಕ, ಎಂಆರ್‌ಪಿ, ದೂರು ಕೊಡೋಕೆ ಒಂದು ನಂಬರ್ ಇರಲೇಬೇಕು ಅಂತ 2011ರ ನಿಯಮವೇ ಇದೆ. ನನಗೆ ಇದು ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ.

ಕ್ಲೇ ನಾದಿದೆ. ಮೆತ್ತಗಿತ್ತು, ಬಣ್ಣ ಚೆನ್ನಾಗಿತ್ತು. ಕುಸುಬಿ ಹೂವಿನ ಎಸಳುಗಳನ್ನು ಬ್ಲೇಡಿನಿಂದ ಒಂದೊಂದೇ ಸೀಳಿ, ಕೆಳಗೆ ಮುಳ್ಳಿನ ಹಸಿರು ತೊಟ್ಟು ಕೂರಿಸಿ, ಓಟಿಜಿಯನ್ನು (ಮನೆಯ ಸಣ್ಣ ಕರೆಂಟ್ ಓವನ್) 130ಕ್ಕೆ ತಿರುಗಿಸಿ ಅರ್ಧ ಗಂಟೆ ಇಟ್ಟೆ. ಹೊರಗೆ ಬಂದಾಗ ಗಟ್ಟಿಯಾಗಿದ್ದವು. ಉಗುರಿನಿಂದ ಒತ್ತಿದರೆ ಗೀರು ಬೀಳಲಿಲ್ಲ. ಬೆಂದಿದೆ ಅಂದುಕೊಂಡೆ.

ಇಲ್ಲೇ ನಾವು ಮೋಸ ಹೋಗುವುದು. ಈ ಕ್ಲೇ ಮಣ್ಣಲ್ಲ. ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಪುಡಿಗೆ, ಅದನ್ನು ಮೆತ್ತಗೆ ಮಾಡುವ ಎಣ್ಣೆಯಂಥ ಪ್ಲಾಸ್ಟಿಸೈಜರ್ ಕಲಸಿದ ಕಣಕ. ಸರಿಯಾದ ಬಿಸಿ ಸಿಕ್ಕರೆ ಆ ಪುಡಿಯ ಕಣಗಳು ಒಂದಕ್ಕೊಂದು ಬೆಸೆಯುತ್ತವೆ. ಬಿಸಿ ಕಡಿಮೆ ಆದರೆ ತಣ್ಣಗಾದಾಗ ಗಟ್ಟಿ ಅನಿಸುತ್ತದೆ, ಆದರೆ ಕಣಗಳು ಸುಮ್ನೆ ಪಕ್ಕಪಕ್ಕ ಕೂತಿರುತ್ತವೆ. ರೊಟ್ಟಿ ಒಳಗೆ ಹಸಿ ಉಳಿದರೆ ಮುಟ್ಟಿದ ಕೂಡಲೇ ಕೈಗೆ ಗೊತ್ತಾಗುತ್ತದೆ. ಕ್ಲೇಯಲ್ಲಿ ಹಾಗೆ ಗೊತ್ತಾಗುವುದಿಲ್ಲ.

ಇದರ ಮೇಲೆ ನಾನು ಇನ್ನೆರಡು ತಪ್ಪು ಮಾಡಿದೆ. ಹತ್ತಿಕಾಯಿಯ ಒಣ ಸಿಪ್ಪೆಗೆ ಹೊಳಪು ಬರಲಿ ಅಂತ ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ಚಿದೆ. ಚಂದ ಕಾಣಲಿ ಅಂತ ಪ್ರತಿ ಜೊತೆಯನ್ನೂ ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದೆ.

ಮದುವೆಯ ಹಿಂದಿನ ದಿನ ಸಂಜೆ ಫೋನ್ ಬಂತು. "ಅಕ್ಕಾರ, ಓಲಿ ಡಬ್ಬಿಗೆ ಹತ್ಕೊಂಡಾವ್ರಿ, ಬರವಲ್ವು." ಮರುದಿನ ಮತ್ತೆ ಫೋನ್. ಮದುಮಗಳ ತಂಗಿ ಓಲೆ ಹಾಕಿಕೊಂಡು ತಲೆ ಬಾಚುವಾಗ ಕುಸುಬಿ ಎಸಳು ಉದುರಿ ಸೀರೆ ಮೇಲೆ ಬಿದ್ದಿವೆ. ಆ ಹುಡುಗಿ ಬೈಯಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾರ" ಅಂದಳು. ಬೈದಿದ್ದರೆ ಒಳ್ಳೇದಿತ್ತು ಅನಿಸಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ವಾಪಸ್ ಬಂದ ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಓಲೆ ಕೂತ ಜಾಗದಲ್ಲಿ ಪ್ಲಾಸ್ಟಿಕ್ ಮಸುಕಾಗಿ, ಕರಗಿ, ಹೂವಿನ ಅಚ್ಚು ಮೂಡಿತ್ತು. ಬೇಯದೆ ಉಳಿದ ಕ್ಲೇಯಿಂದ ಪ್ಲಾಸ್ಟಿಸೈಜರ್ ಹೊರಗೆ ಬಂದು ಡಬ್ಬಿಯನ್ನು ತಿಂದಿತ್ತು. ಅಂಥ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 6 ಅಂತ ಇರುತ್ತದೆ, ಅದು ಪಾಲಿಸ್ಟೈರೀನ್. ಹಸಿ ಕ್ಲೇಯನ್ನಂತೂ ಅದರಲ್ಲಿ ಇಡಲೇಬೇಡಿ. 5 ಅಂತ ಇರುವ ಡಬ್ಬಿ ಆಗುತ್ತದೆ. ನೇಲ್ ಪಾಲಿಶ್ ಹಚ್ಚಿದ ಕಡೆ ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಅದರಲ್ಲಿರುವ ದ್ರಾವಕ ಕ್ಲೇಯನ್ನು ಮೆತ್ತಗೆ ಮಾಡುತ್ತದೆ. ಹೊಳಪು ಬೇಕಾದರೆ ವಾಟರ್ ಬೇಸ್ಡ್ ಅಕ್ರಿಲಿಕ್ ವಾರ್ನಿಷ್ ತಗೊಳ್ಳಿ, ಇಲ್ಲ ಮರಳು ಕಾಗದ ನೆನೆಸಿ ಉಜ್ಜಿ.

ಆಮೇಲೆ ಓವನ್ ಒಳಗೆ ಇಡುವ ಥರ್ಮಾಮೀಟರ್ ತರಿಸಿದೆ. ಓವನ್ನಿನ ಗುಬ್ಬಿ (ತಿರುಗಿಸುವ ನಾಬ್) 130 ತೋರಿಸುವಾಗ ಒಳಗೆ ಇದ್ದದ್ದು 108. ಹಾಗಾದರೆ ಮೂರು ವರ್ಷ ಏನೂ ಆಗಲಿಲ್ಲ ಯಾಕೆ? ಫಿಮೋಗೆ 110 ಸಾಕು. ವಿಡಿಯೋ ನೋಡಿ ನಾನು ಮೊದಲಿಂದಲೂ ಗುಬ್ಬಿಯನ್ನು 130ಕ್ಕೇ ಇಡುತ್ತಿದ್ದೆ. ನನ್ನ ತಪ್ಪೂ ಓವನ್ನಿನ ತಪ್ಪೂ ಸೇರಿ ಲೆಕ್ಕ ಸರಿ ಹೋಗುತ್ತಿತ್ತು. ಕ್ಲೇ ಬದಲಾದ ದಿನ ಬಯಲಾಯಿತು.

ಥರ್ಮಾಮೀಟರ್ ಬರುವ ಮೊದಲು ಗಾಬರಿಯಲ್ಲಿ ಒಂದು ಅಪಾಯದ ಕೆಲಸವನ್ನೂ ಮಾಡಿದ್ದೆ. ಬೇಗ ಬೇಯಲಿ ಅಂತ ಗುಬ್ಬಿಯನ್ನು ಕೊನೆವರೆಗೆ ತಿರುಗಿಸಿದೆ. ಬಿಳಿ ಹತ್ತಿ ಮೊದಲು ಕಂದು ಆಯಿತು, ಆಮೇಲೆ ಹೊಗೆ. ಪಕ್ಕದ ಕೋಣೆಯಲ್ಲಿದ್ದ ಅವ್ವ ಕೆಮ್ಮುತ್ತಾ ಹೊರಗೆ ಬಂದಳು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಹಾಗೇನಾದರೂ ಆದರೆ ಓವನ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಎಲ್ಲರೂ ಹೊರಗೆ ಹೋಗಿ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಇನ್ನೂ ಹುಷಾರಾಗಿರಬೇಕು. ಅವತ್ತಿನಿಂದ ಆ ಓಟಿಜಿಯಲ್ಲಿ ತಿನ್ನುವುದು ಏನೂ ಮಾಡುತ್ತಿಲ್ಲ.

ಮಾರಾಟಗಾರನಿಗೆ ಫೋಟೋ ಕಳಿಸಿದೆ. ತೆರೆದ ಪ್ಯಾಕೆಟ್ ವಾಪಸ್ ತಗೊಳ್ಳಲ್ಲ ಅಂದ. ಎರಡನೇ ಸಲ ಕೇಳಿದ್ದಕ್ಕೆ ಬ್ಲಾಕ್ ಮಾಡಿದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದೂರಿನ ನಂಬರ್ ಬಂದಿದೆ, ದುಡ್ಡು ಬಂದಿಲ್ಲ. ಆರ್ಡರ್ ಮಾಡುವಾಗ ಅವನು ಹಾಕಿದ್ದ ಫೋಟೋದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇರಲಿಲ್ಲ, ಅದು ದೊಡ್ಡ ಕೊರತೆ ಆಯಿತು. ನೀವು ದುಡ್ಡು ಹಾಕುವ ಮೊದಲೇ ತೆಗೆದಿಟ್ಟುಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ.

ಈಗ ಹೊಸ ಕ್ಲೇ ಬಂದರೆ, ಹಳೇ ಕಂಪನಿಯದ್ದೇ ಆದರೂ, ಮೊದಲು ಒಂದು ಪಟ್ಟಿ ಬೇಯಿಸುತ್ತೇನೆ. ಬೆರಳಷ್ಟು ಉದ್ದ, ಒಂದೂವರೆ ಮಿಲಿಮೀಟರ್ ದಪ್ಪ. ಟೈಲ್ಸ್ ತುಂಡಿನ ಮೇಲೆ ಇಟ್ಟು, ಓವನ್ನಿನ ಸರಳುಗಳ ಬಿಸಿ ನೇರ ತಾಗದ ಹಾಗೆ ಫಾಯಿಲ್ ಮುಚ್ಚುತ್ತೇನೆ. ಪೂರ್ತಿ ತಣ್ಣಗಾದ ಮೇಲೆ ಬಗ್ಗಿಸುತ್ತೇನೆ. ಬೆಂದ ಪಟ್ಟಿ ಬಾಗಿ ಮತ್ತೆ ನೇರ ಆಗುತ್ತದೆ. ಬೇಯದ್ದು ಬಿಸ್ಕತ್ತಿನ ಹಾಗೆ ಪಟ್ಟಂತ ಮುರಿಯುತ್ತದೆ. ಮುರಿದರೆ ಹೆದರಬೇಡಿ, ಸರಿಯಾದ ಬಿಸಿಯಲ್ಲಿ ಅದನ್ನೇ ಮತ್ತೆ ಬೇಯಿಸಬಹುದು. ಆದರೆ ಎಷ್ಟು ಡಿಗ್ರಿ ಅಂತಲೇ ಗೊತ್ತಿಲ್ಲದ ಕ್ಲೇಗೆ ಇದು ಕಷ್ಟ. ಆ ಕಾಲು ಕಿಲೋದಲ್ಲಿ ಕುಸುಬಿಯ ಹಳದಿ ಇನ್ನೂ ಮುರಿಯುತ್ತಿದ್ದ ಬಿಸಿಯಲ್ಲೇ ಬಿಳಿ ಕಂದಿ ಹೋಗುತ್ತಿತ್ತು. ಎರಡೂ ಒಂದೇ ಕಂಪನಿಯದ್ದು ಅಂತ ನನಗೆ ಅನಿಸುವುದಿಲ್ಲ. ಉಳಿದದ್ದನ್ನೆಲ್ಲ ಎಸೆದೆ.

ಮದುವೆಯ 31 ಜೊತೆಗೆ ಹೊಸದು ಮಾಡಿ ಹಾವೇರಿಗೆ ಕಳಿಸಿದ್ದೇನೆ. ಉಳಿದ 9 ಜೊತೆ ಯಾರ ಹತ್ತಿರ ಇವೆ ಅಂತ ಆ ಹುಡುಗಿ ವಿಚಾರಿಸುತ್ತಿದ್ದಾಳೆ. ಇದಲ್ಲದೆ ಅದೇ ಕ್ಲೇಯಲ್ಲಿ ಮಾಡಿದ 12 ಜೊತೆ ಹತ್ತಿಕಾಯಿಯನ್ನು ಸಂಕ್ರಾಂತಿ ಹೊತ್ತಿಗೆ ಗದಗದಲ್ಲೇ ಕೈಯಲ್ಲಿ ಮಾರಿದ್ದೆ. ನಂಬರ್ ಬರೆದಿಟ್ಟುಕೊಂಡಿಲ್ಲ. ಕಂದು ಸಿಪ್ಪೆ, ನಾಲ್ಕು ಬಿಳಿ ತೊಳೆ, ಹಿಂದೆ ಸಣ್ಣ ಹಸಿರು ತೊಟ್ಟು ಇರುವ ಓಲೆ. ನಿಮ್ಮ ಹತ್ತಿರ ಇದ್ದರೆ, ಅಥವಾ ನಿಮ್ಮ ಪರಿಚಯದವರ ಕಿವಿಯಲ್ಲಿ ಕಂಡರೆ, ದಯವಿಟ್ಟು ನನಗೆ ತಿಳಿಸಿ. ಮುರಿದಿರಲಿ, ಮುರಿಯದೇ ಇರಲಿ, ಬದಲಿಗೆ ಹೊಸ ಜೊತೆ ಕೊಡುತ್ತೇನೆ.